ಮೂವತ್ತೆಂಟು ಸೆಂಟ್ಸ್ ಮಳೆ

ಓಂಕಾರಮೂರ್ತಿಯ ಆ ದಿನದ ಕಷ್ಟಕ್ಕೆಲ್ಲ ಕಾರಣ ಎಂಟೂವರೆ ಸೆಂಟಿಮೀಟರ್ ಉದ್ದದ ಒಂದು ತಂತಿ. ನೋಡುವವರಿಗೆ ಅದು ತಂತಿ, ಅವನಿಗೆ ಆಂಟೆನಾ. ಗೋಣಿಬೀಡಿನ ತನ್ನ ಅಂಗಡಿಯಲ್ಲಿ ಮಿಕ್ಸಿ, ಟಿವಿ, ಬೇಲಿಯ ಬ್ಯಾಟರಿ ರಿಪೇರಿ ಮಾಡುತ್ತ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಅಂದರೆ ದಿನದ ಬಹುಭಾಗ, ಅವನು ತಾನೇ ಗೆರೆ ಎಳೆದು ತಾನೇ ಬೆಸುಗೆ ಹಾಕಿದ ಹಸಿರು ಸರ್ಕ್ಯೂಟ್ ಬೋರ್ಡಿನ ಮೂಲೆಯಲ್ಲಿ ಆ ತಂತಿ ನಿಂತಿತ್ತು. ಬೋರ್ಡಿನ ಕೆಲಸ ಇಷ್ಟೇ: ಗುಡ್ಡದ ಮೇಲಿನ ಮಳೆಮಾಪಕಕ್ಕೆ ಬಿದ್ದ ಮಳೆಯನ್ನು ಎಣಿಸಿ, ಗುಡ್ಡದ ಕೆಳಗಿನ ಮನೆಯ ಜಗಲಿಯಲ್ಲಿಟ್ಟ ಒಂದು ಡಬ್ಬಕ್ಕೆ ರೇಡಿಯೋ ಮೂಲಕ ಹೇಳುವುದು. ಅದು ಎಣಿಸುತ್ತಿತ್ತು. ಹೇಳುತ್ತಲೂ ಇತ್ತು. ಮುಕ್ಕಾಲು ಕಿಲೋಮೀಟರ್ ಆಚೆಗಿನ ಜಗಲಿಗೆ ಮಾತ್ರ ಅದು ಕೇಳುತ್ತಿರಲಿಲ್ಲ.

ಆ ಜಗಲಿ ಅವನ ಮಾವ ಜಯದೇವಪ್ಪನವರದು. ಮೂಡಿಗೆರೆ ಸೀಮೆಯ ಕಾಫಿ ಬೆಳೆಗಾರರಲ್ಲಿ ಅವರು ಎರಡು ವಿಷಯಕ್ಕೆ ಹೆಸರಾದವರು. ಒಂದು, ಅಳಿಯನನ್ನು ಬಹುವಚನದಲ್ಲೇ ಬೈಯುವುದು. ಇನ್ನೊಂದು, ಮಳೆ. ಅಲ್ಲಿ ಮಳೆಯನ್ನು ಇಂಚು, ಸೆಂಟ್ಸಿನಲ್ಲಿ ಹೇಳುತ್ತಾರೆ. ನೂರು ಸೆಂಟ್ಸ್ ಸೇರಿದರೆ ಒಂದಿಂಚು. ಬೇಸಿಗೆಯಲ್ಲಿ ಕಾಫಿ ಮೊಗ್ಗು ಅರಳಿಸುವ ಹೂಮಳೆ ಬಿತ್ತೆಂದರೆ ಯಾರೂ ಮೊದಲು ಗಿಡ ನೋಡುವುದಿಲ್ಲ, ಪಕ್ಕದ ತೋಟದವನಿಗೆ ಎಷ್ಟು ಬಂತೆಂದು ನೋಡುತ್ತಾರೆ. ಒಂದಿಂಚು ಬಂದವನು ಪುಣ್ಯವಂತ. ಅರ್ಧ ಇಂಚು ಬಂದವನನ್ನು ಪಾಪ ಅನ್ನುತ್ತಾರೆ. ಅದಕ್ಕೂ ಕಡಿಮೆ ಬಂದವನ ಮನೆಗೆ ಸಂಜೆ ನಾಲ್ಕು ಜನ ಹೋಗಿ, ಮಾತಾಡದೆ ಕೂತು, ಕಾಫಿ ಕುಡಿದು ಬರುವುದುಂಟು.

ಕಣಿವೆಯಾಚೆಯ ತೋಟದ ಸುಬ್ಬಣ್ಣನವರಿಗೆ ಎಷ್ಟೇ ಮಳೆ ಬರಲಿ, ಜಯದೇವಪ್ಪನವರ ತೋಟಕ್ಕೆ ಅದಕ್ಕಿಂತ ಹತ್ತು ಹದಿನೈದು ಸೆಂಟ್ಸ್ ಹೆಚ್ಚಿಗೆ ಬರುತ್ತಿತ್ತು. ಮೂವತ್ತು ವರ್ಷದಿಂದ ಹೀಗೇ. ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರ್ ಬಸವರಾಜಪ್ಪನವರು ಗುಡ್ಡ ಹತ್ತಿ, ಅಳತೆ ಗ್ಲಾಸಿನಲ್ಲಿ ಅಳೆದು, ದುಂಡಗಿನ ಅಕ್ಷರದಲ್ಲಿ ಬರೆದಿಟ್ಟ ರಿಜಿಸ್ಟರುಗಳೇ ಇದಕ್ಕೆ ಸಾಕ್ಷಿ. ಮೋಡಗಳಿಗೂ ಒಂದು ರೂಢಿ ಬಿದ್ದಿರುತ್ತದೆಂದು ಓಂಕಾರಮೂರ್ತಿ ನಂಬಿದ್ದ. ಅಳತೆ ಅಂದಮೇಲೆ ನಂಬುವ ಮನುಷ್ಯ ಅವನು.

ಈ ಸಂಕ್ರಾಂತಿಗೆ ಬಸವರಾಜಪ್ಪನವರು ಮಂಡಿನೋವೆಂದು ಕೆಲಸ ಬಿಟ್ಟು ತರೀಕೆರೆಯ ಮಗಳ ಮನೆಗೆ ಹೋದರು. ರೈಟರ್ ಕುರ್ಚಿ ಖಾಲಿಯಾಯಿತು. ಜಯದೇವಪ್ಪನವರ ಕಣ್ಣು ಅಳಿಯನ ಮೇಲೆ ಬಿತ್ತು.

"ನೋಡಿ ಅಳಿಯಂದ್ರೇ, ಹೂಮಳೆ ಬಿದ್ದ ದಿನ ನಿಮ್ಮ ಮಿಷನ್ನು ಇಲ್ಲಿ ಜಗಲೀಲಿ ಕೂತೋರಿಗೆ ಮಳೆ ಎಷ್ಟು ಅಂತ ಹೇಳ್ಬೇಕು. ಹೇಳ್ತು ಅಂದ್ರೆ ನಮ್ಮ ಬೆಳೆಗಾರರ ಗ್ರೂಪಿನ ಮೂವತ್ತು ತೋಟಕ್ಕೂ ನಾನೇ ನಿಂತು ಹಾಕಿಸ್ಕೊಡ್ತೀನಿ. ಹೇಳ್ಲಿಲ್ಲ ಅಂದ್ರೆ ಅಂಗಡಿ ಬಾಗ್ಲು ಹಾಕಿ ಬಂದು ಬಸವರಾಜಪ್ಪನ ಕುರ್ಚೀಲಿ ಕೂತ್ಕೊಳ್ಳಿ. ನಂಬಿಕಸ್ಥರು ಒಬ್ರು ಇದ್ದಂಗೂ ಆಗುತ್ತೆ."

ಓಂಕಾರಮೂರ್ತಿ ಒಪ್ಪಿದ. ಮಾವನ ರೈಟರ್ ಆಗುವುದೆಂದರೆ ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಬ್ಬಕ್ಕೆ ಹೋದರೆ ಒಳಗೆ ಕೂರಿಸಿ ಬಡಿಸಿ ಉಪಚಾರ ಮಾಡುವ ಮನೆಯಲ್ಲೇ ದಿನಾ ಬೆಳಿಗ್ಗೆ ಏಳಕ್ಕೆ ಆಫೀಸು ಕೋಣೆಯ ಬಾಗಿಲಲ್ಲಿ ಕೈಕಟ್ಟಿ ನಿಲ್ಲಬೇಕು.

ಸುದ್ದಿ ತಿಳಿದು ಸುಬ್ಬಣ್ಣನವರೂ ಒಂದು ದಿನ ಬಂದು, "ನಂಗೂ ಒಂದು ಡಬ್ಬ ಕೊಡು ಮಾರಾಯ, ನಿಮ್ಮ ಮಾವನ ಮಳೆ ನಮ್ಮನೇಲೂ ಕಾಣುತ್ತಾ ನೋಡಣ," ಎಂದರು. ಓಂಕಾರಮೂರ್ತಿ ಮಾವನ ಮುಖ ನೋಡಿದ. ಜಯದೇವಪ್ಪನವರು ನಕ್ಕರು. "ಕೊಡಿ, ಕೊಡಿ. ಮುಕ್ಕಾಲು ಕಿಲೋಮೀಟರ್ ಬರದೇ ಇರೋದು ಕಣಿವೆ ದಾಟಿ ಎರಡು ಕಿಲೋಮೀಟರ್ ಹೋಗುತ್ತಾ? ಅವರ ಮೇಜಿನ ಮೇಲೂ ಒಂದು ಗೊಂಬೆ ಇರ್ಲಿ." ಸುಬ್ಬಣ್ಣನವರು ಡಬ್ಬ ತೆಗೆದುಕೊಂಡು ಹೋಗಿ ಫೋನಿನ ಪಕ್ಕ ಇಟ್ಟುಕೊಂಡರು. ಆಮೇಲೆ ಎಲ್ಲರೂ ಅದನ್ನು ಮರೆತರು.

ಏಪ್ರಿಲ್ ಮೊದಲ ವಾರದ ಗುರುವಾರ. ಬೆಳಿಗ್ಗೆ ಎಂಟಕ್ಕೇ ಚಾರ್ಮಾಡಿ ಕಡೆಯಿಂದ ಮೋಡ ಕಟ್ಟತೊಡಗಿತು.

"ಇವತ್ತು ಮೂರು ಗಂಟೆಗೆ ಹೊಡಿಯುತ್ತೆ," ಎಂದರು ಜಯದೇವಪ್ಪ, ಜಗಲಿಯಲ್ಲಿ ಕೂತು. "ನಿಮ್ಮ ಮಿಷನ್ನು ಎಲ್ಲಿಗೆ ಬಂತು?"

ಓಂಕಾರಮೂರ್ತಿ ಡಬ್ಬದ ಪುಟ್ಟ ಪರದೆ ನೋಡಿದ. ಮಳೆಯ ಜಾಗದಲ್ಲಿ ಬರೀ ಗೆರೆ. ಕೆಳಗೆ ಸಿಗ್ನಲ್ಲಿನ ಅಂಕಿ. "ಮೈನಸ್ ನೂರಹದಿನೆಂಟಿದೆ ಮಾವ. ಮೈನಸ್ ನೂರಕ್ಕೆ ಬಂದ್ರೆ ಸಾಕು."

"ಮೈನಸ್ ಅಂದ್ರೆ ಸೊನ್ನೆಗಿಂತ ಕೆಳಗಲ್ವಾ?"

"ಹೌದು."

"ಸೊನ್ನೆಗೆ ಯಾವಾಗ ಬರುತ್ತೆ?"

"ಬರಲ್ಲ ಮಾವ. ಸೊನ್ನೆಗೆ ಯಾರದ್ದೂ ಬರಲ್ಲ."

ಜಯದೇವಪ್ಪನವರು ಮಗಳು ನಾಗಶ್ರೀಯನ್ನು ಬಹಳ ಹೊತ್ತು ನೋಡಿದರು. ಈ ಸಂಬಂಧ ತಂದವರು ಯಾರೆಂದು ನೆನಪು ಮಾಡಿಕೊಳ್ಳುತ್ತಿದ್ದಂತಿತ್ತು.

ಗುಡ್ಡದ ಮೇಲೆ ಮೊಬೈಲ್ ಹಿಡಿಯುವುದಿಲ್ಲ; ಹಿಡಿಯುತ್ತಿದ್ದರೆ ಈ ಬೋರ್ಡೇ ಬೇಕಿರಲಿಲ್ಲ. ಆದ್ದರಿಂದ ಒಂದು ಏರ್ಪಾಟಾಯಿತು. ಡಬ್ಬದ ಅಂಕಿಯನ್ನು ಜಗಲಿಯಲ್ಲಿ ಜಯದೇವಪ್ಪನವರು ಓದಿ ಕೂಗುವುದು, ಅರ್ಧ ಗುಡ್ಡದ ತಿರುವಿನಲ್ಲಿ ನಿಂತ ನಾಗಶ್ರೀ ಅದನ್ನು ಮೇಲಕ್ಕೆ ಕೂಗುವುದು, ತುದಿಯಲ್ಲಿ ಓಂಕಾರಮೂರ್ತಿ ಕೇಳಿಸಿಕೊಂಡು ಬೋರ್ಡು ಸರಿಮಾಡುವುದು. ಒಂದು ಸಲ ಪರೀಕ್ಷೆಗೆ ಕೂಗಿ ನೋಡಿದಾಗ ಸ್ಪಷ್ಟವಾಗಿ ಕೇಳಿಸಿತು.

"ಇದು ಚೆನ್ನಾಗಿ ಕೇಳುತ್ತಲ್ಲ," ಎಂದು ಕೆಳಗಿನಿಂದ ಮಾವನ ದನಿ ಬಂತು. "ಇದನ್ನೇ ಇಟ್ಕೊಂಡ್ರೆ ಆಗಲ್ವಾ?"

ಮೇಲೆ ಹೋಗಿ ನೋಡಿದರೆ ಓಂಕಾರಮೂರ್ತಿಯ ಬೋರ್ಡು ಕಾಣಲಿಲ್ಲ. ಅದು ಇದ್ದ ಜಾಗದಲ್ಲಿ ದೊಡ್ಡದೊಂದು ಸ್ಟೀಲ್ ಡಬ್ಬಿ ಬೋರಲು ಬಿದ್ದಿತ್ತು. ಸುತ್ತ ತೆಂಗಿನ ಹಗ್ಗದ ಬಿಗಿ, ಮೇಲೆ ಮೂರೆಳೆ ವಿಭೂತಿ.

"ಅಮ್ಮಾರು ಹೇಳಿದ್ರು," ಎಂದ ಮೇಸ್ತ್ರಿ ನಿಂಗಯ್ಯ, ಜೊತೆಗೆ ಬಂದವನು. "ಅಳಿಯೋರ ಸಾಮಾನು ಮಂಗ ಕಿತ್ತಾವು, ಭದ್ರ ಮಾಡು ಅಂತ. ಮೊನ್ನೆನೇ ಕಟ್ಟಿದ್ದೆ."

ರೇಡಿಯೋ ಅಲೆಗೆ ಸ್ಟೀಲ್ ಡಬ್ಬಿ ಅಂದರೆ ಜೈಲು. ಅತ್ತೆ ಸರೋಜಮ್ಮನವರು ಪ್ರೀತಿಯಿಂದ ಮಾಡಿದ್ದನ್ನು ಬೈಯುವಂತಿಲ್ಲ. ಹಗ್ಗ ಬಿಚ್ಚಿ ಡಬ್ಬಿ ತೆಗೆದದ್ದೇ ನಾಗಶ್ರೀಯ ಕೂಗು ಬಂತು: "ರೀ, ಮೈನಸ್ ನೂರಾ ಒಂಬತ್ತು!"

ಇನ್ನು ಒಂಬತ್ತು ಮೆಟ್ಟಿಲು. ಓಂಕಾರಮೂರ್ತಿ ತಂತಿಯನ್ನು ಎರಡು ಮಿಲಿಮೀಟರ್ ಕತ್ತರಿಸಿದ. ನೂರಾ ಒಂಬತ್ತೇ. ಸ್ವಲ್ಪ ಬಗ್ಗಿಸಿದ. ನೂರಾ ಹತ್ತಾಯಿತು. ನೆಟ್ಟಗೆ ಮಾಡಿದ. ಮತ್ತೆ ನೂರಾ ಒಂಬತ್ತು. ಅಷ್ಟರಲ್ಲಿ ಜಗಲಿಯಿಂದ ಒಂದು ಸಲಹೆ ಹೊರಟು, ತಿರುವು ದಾಟಿ, ಮೇಲೆ ಮುಟ್ಟಿತು. ಇಷ್ಟುದ್ದ ಗುಡ್ಡಕ್ಕೆ ಇಷ್ಟೇ ಇಷ್ಟು ತಂತಿ ಸಾಲುತ್ತಾ, ಉದ್ದದ್ದು ಹಾಕಿ ಅಂತ ಅಪ್ಪ ಹೇಳುತ್ತಿದ್ದಾರೆ ಎಂದಳು ನಾಗಶ್ರೀ. ಆಂಟೆನಾದ ಉದ್ದ ಅಲೆಯ ಉದ್ದಕ್ಕೆ ಹೊಂದಬೇಕೇ ಹೊರತು ಗುಡ್ಡದ ಉದ್ದಕ್ಕಲ್ಲ ಎಂದು ಓಂಕಾರಮೂರ್ತಿ ವಿವರಿಸುವ ಮೊದಲೇ ನಿಂಗಯ್ಯ ಬೇಲಿಯಿಂದ ಆರಡಿ ಮುಳ್ಳುತಂತಿ ಕತ್ತರಿಸಿ ತಂದು ಸುತ್ತಿಬಿಟ್ಟಿದ್ದ. ಮೈನಸ್ ನೂರಾ ಇಪ್ಪತ್ತೊಂದು. ಅದನ್ನು ಬಿಚ್ಚುವಷ್ಟರಲ್ಲಿ ಓಂಕಾರಮೂರ್ತಿಯ ಎರಡು ಬೆರಳು ಕುಯ್ದುಹೋಗಿ ಗಂಟೆ ಹನ್ನೊಂದೂವರೆಯಾಯಿತು.

"ನೀವು ರಕ್ತ ಒರ್ಸಿಕೊಳ್ಳಿ ಅಯ್ಯ, ನಾನು ಹಿಡ್ಕೋತೀನಿ," ಎಂದು ನಿಂಗಯ್ಯ ಬೋರ್ಡಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ರೀ! ತೊಂಬತ್ತಾರು! ಮೈನಸ್ ತೊಂಬತ್ತಾರು!"

ಓಂಕಾರಮೂರ್ತಿ, "ನಿಂಗಯ್ಯ, ಕೆಳಗಿಡು," ಎಂದ. ಇಟ್ಟ. ನೂರಾ ಒಂಬತ್ತು. "ಎತ್ತು." ತೊಂಬತ್ತಾರು. ಜಗಲಿಯಲ್ಲಿ ಡಬ್ಬ ಮೊದಲ ಸಲ ಗೆರೆ ಅಳಿಸಿ ಸೊನ್ನೆ ಮಳೆ ಎಂದು ತೋರಿಸಿತಂತೆ. ಜಯದೇವಪ್ಪನವರು ತಾವೇ ಕೋಲೂರಿಕೊಂಡು ತಿರುವಿನವರೆಗೆ ಬಂದರು.

"ನಿಂಗಯ್ಯನ ಕೈಗುಣ," ಎಂದರು ಅಲ್ಲಿಂದಲೇ.

ಕೈಗುಣವಲ್ಲ. ಆಂಟೆನಾಕ್ಕೆ ಕಾಲೂರಲು ಸಾಕಷ್ಟು ಲೋಹ ಬೇಕು. ಅವನ ಬೋರ್ಡಿನಲ್ಲಿರುವ ತಾಮ್ರ ಬೀಡಾ ಎಲೆಯಷ್ಟೂ ಇಲ್ಲ. ಮನುಷ್ಯ ಹಿಡಿದುಕೊಂಡಾಗ ಅವನ ಮೈಯೇ ಆ ಕೊರತೆ ತುಂಬುತ್ತದೆ. ಓಂಕಾರಮೂರ್ತಿ ಇದನ್ನು ಕೂಗಿ ಹೇಳಿದ.

"ಅಂದ್ರೆ ನಿಂಗಯ್ಯ ಹಿಡ್ಕೊಂಡು ನಿಂತಿರೋವರೆಗೂ ಮಿಷನ್ನು ಕೆಲಸ ಮಾಡುತ್ತೆ," ಎಂದರು ಜಯದೇವಪ್ಪ. "ಆಯ್ತಲ್ಲ. ನಿಲ್ಸಿ."

"ಮಳೇಲಿ ನಾನು ಇಲ್ಲೇ ನಿಂತಿರ್ತೀನಿ ಅಂದ್ಮೇಲೆ," ಎಂದ ನಿಂಗಯ್ಯ ಬಹಳ ವಿನಯದಿಂದ, "ಗ್ಲಾಸಲ್ಲಿ ನೋಡಿ ನಾನೇ ಹೇಳ್ಬಿಡಬಹುದಲ್ಲ ಅಯ್ಯ."

ಓಂಕಾರಮೂರ್ತಿ ಬಂಡೆಯ ಮೇಲೆ ಕುಳಿತ. ರೈಟರ್ ಕುರ್ಚಿಯ ಬೆತ್ತ ಬೆನ್ನಿಗೆ ಆಗಲೇ ಒತ್ತುತ್ತಿದೆ ಅನ್ನಿಸಿತು. ಪೆಟ್ಟಿಗೆ ಕೆಳಗಿಡು ಎಂದು ಹೇಳಲು ಯಾರಿಗೂ ನೆನಪಾಗದ್ದರಿಂದ ನಿಂಗಯ್ಯ ಅದನ್ನು ಹಿಡಿದುಕೊಂಡೇ ನಿಂತಿದ್ದ.

ಒಂದು ಗಂಟೆಗೆ ನಾಗಶ್ರೀ ಊಟದ ಬುತ್ತಿಯ ಜೊತೆ ಸೀರೆಯ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಮೇಲೆ ಬಂದಳು. ಸೆರಗು ತೆಗೆದಳು. ತಾಮ್ರದ ಹರಿವಾಣ. ಐದು ವರ್ಷದ ಹಿಂದೆ ಮದುವೆಯಲ್ಲಿ ಜಯದೇವಪ್ಪನವರು ಅಳಿಯನ ಕಾಲು ತೊಳೆದ ಹರಿವಾಣ. ಆಮೇಲೆ ಸರೋಜಮ್ಮನವರು ಅದನ್ನು ಹುಣಿಸೆಹಣ್ಣಿನಲ್ಲಿ ತಿಕ್ಕಿ, ಪಂಚೆಯಲ್ಲಿ ಸುತ್ತಿ, ಕಪಾಟಿನಲ್ಲಿಟ್ಟಿದ್ದರು.

"ಲೋಹ ಬೇಕು ಅಂದ್ರಲ್ಲ," ಎಂದಳು. "ಇಷ್ಟಗಲ ಸಾಕಾ?"

"ನಾಗೂ, ಇದಕ್ಕೆ ನಡುವೆ ತೂತು ಹಾಕ್ಬೇಕಾಗುತ್ತೆ."

ಅವಳು ಹರಿವಾಣವನ್ನು ಅವನ ಕೈಗಿತ್ತಳು. "ಹಾಕಿ. ನೀವು ನಮ್ಮಪ್ಪನ ಮುಂದೆ ಕೈಕಟ್ಟಿ ನಿಲ್ಲೋದನ್ನ ನನ್ ಕೈಲಿ ನೋಡಕ್ಕಾಗಲ್ಲ. ಅಮ್ಮಂಗೆ ಮಾತ್ರ ಹೇಳ್ಬೇಡಿ."

ಓಂಕಾರಮೂರ್ತಿಗೆ ಹೆಂಡತಿಯ ಮೇಲೆ ಅಷ್ಟು ಪ್ರೀತಿ ಉಕ್ಕಿದ್ದು ಮದುವೆಯ ದಿನವೂ ಇರಲಿಲ್ಲ. ನಿಂಗಯ್ಯ ಪೆಟ್ಟಿಗೆ ಕೆಳಗಿಟ್ಟು ಪಂಪ್‌ಹೌಸಿನಿಂದ ಡ್ರಿಲ್ ತಂದ. ಹರಿವಾಣದ ನಟ್ಟನಡುವೆ ತೂತು ಬಿತ್ತು. ಆ ಪುಟ್ಟ ತಂತಿ ಅದರಲ್ಲಿ ಸೆಟೆದು ನಿಂತಿತು. ಕಾಳುಮೆಣಸು ಕೊಯ್ಯುವ ಏಣಿ ಹಾಕಿ ನಿಂಗಯ್ಯ ಅದನ್ನು ಬೋರ್ಡಿನ ಸಮೇತ ಸಿಲ್ವರ್ ಓಕ್ ಮರದ ತುದಿಗೆ ಕಟ್ಟಿ, ಕೆಳಗಿನ ಮಳೆಮಾಪಕಕ್ಕೆ ವೈರು ಇಳಿಬಿಟ್ಟ. ನಾಗಶ್ರೀ ತಿರುವಿಗೆ ಓಡಿದಳು.

"ಮೈನಸ್ ಎಪ್ಪತ್ತೊಂದು!"

ಅದರ ಬೆನ್ನಿಗೇ ಜಗಲಿಯಿಂದ ಗಾಬರಿಯ ದನಿ: "ನೂರಹದಿನೆಂಟು ಇದ್ದದ್ದು ಎಪ್ಪತ್ತೊಂದಕ್ಕೆ ಇಳೀತಲ್ಲ! ಕೆಟ್ಟೋಯ್ತಾ?"

ಓಂಕಾರಮೂರ್ತಿ ಬಂಡೆಯ ಮೇಲೆ ನಿಂತು ಎರಡೂ ಕೈ ಮೇಲೆತ್ತಿ ಒಂದು ಸಲ ಕುಣಿದ. ಎಪ್ಪತ್ತೊಂದು ಅಂದರೆ ಮಾವನ ಮನೆಗೇನು, ಮಾವನ ಮನೆಯ ಆಚೆಗೂ ಸಿಗ್ನಲ್ ಸಿಕ್ಕುವ ಲೆಕ್ಕ. ಆಚೆಗೆ ಏನಿದೆ ಎಂದು ಅವನು ಆಗ ಯೋಚಿಸಲಿಲ್ಲ.

ಮೂರೂ ಹತ್ತಕ್ಕೆ ಮೊದಲ ಹನಿ. ಆಮೇಲೆ ಗುಡುಗು, ಗಾಳಿ, ಹಂಚಿನ ಮೇಲೆ ಧೋ ಎಂದು ಮಳೆ. ಜಗಲಿಯಲ್ಲಿ ಎಲ್ಲರೂ ಡಬ್ಬದ ಮುಂದೆ ನೆರೆದರು. ಪರದೆಯ ಮೇಲೆ ಒಂದು, ಎರಡು, ಮೂರು ಎಂದು ಸೆಂಟ್ಸ್ ಏರತೊಡಗಿತು. ಸರೋಜಮ್ಮನವರು ಕೆನ್ನೆ ಬಡಿದುಕೊಂಡರು.

"ಮಿಷನ್ನಿಗೊಂದು ಆರತಿ ಎತ್ತಣ. ಆ ತಾಮ್ರದ ಹರಿವಾಣ ಎಲ್ಲಿದೆ ನಾಗೂ?"

"ಮೇಲಿದೆ ಅಮ್ಮ," ಎಂದಳು ನಾಗಶ್ರೀ.

ಇಪ್ಪತ್ತು ನಿಮಿಷಕ್ಕೆ ಮಳೆ ನಿಂತಿತು. ಡಬ್ಬವೂ ನಿಂತಿತು. ಮೂವತ್ತೆಂಟು ಸೆಂಟ್ಸ್. ಮಳೆಯ ಒಂದೊಂದು ಹನಿಯೂ ಗುಡ್ಡ ಇಳಿದು ಬಂದು ಲೆಕ್ಕ ಒಪ್ಪಿಸಿತ್ತು.

"ಮೂವತ್ತೆಂಟು ಮಾವ!" ಎಂದು ಓಂಕಾರಮೂರ್ತಿ ತಿರುಗಿದ. ಜಯದೇವಪ್ಪನವರ ಕೈಯಲ್ಲಿ ಫೋನಿತ್ತು. ಮೂವತ್ತು ಬೆಳೆಗಾರರ ವಾಟ್ಸಾಪ್ ಗ್ರೂಪಿನಲ್ಲಿ ಸುಬ್ಬಣ್ಣನವರು ಆಗಷ್ಟೇ ಹಾಕಿದ್ದರು: ನಮಗೆ ತೊಂಬತ್ತು ಸೆಂಟ್ಸ್. ಅದರ ಕೆಳಗೆ, ಮೂವತ್ತು ವರ್ಷದ ರೂಢಿಯಂತೆ, ಮಳೆ ಪೂರ್ತಿ ನಿಲ್ಲುವ ಮೊದಲೇ ಜಯದೇವಪ್ಪನವರ ಬೆರಳು ಒತ್ತಿಯಾಗಿತ್ತು: ನಮಗೆ ಒಂದಿಂಚು ಐದು ಸೆಂಟ್ಸ್. ನಾಲ್ಕು ಜನ ಹೆಬ್ಬೆರಳು ತೋರಿಸಿದ್ದರು. ಒಬ್ಬರು ಕೈ ಮುಗಿದಿದ್ದರು.

ಓಂಕಾರಮೂರ್ತಿ ಫೋನು ನೋಡಿದ, ಡಬ್ಬ ನೋಡಿದ. ಮೋಡಗಳ ರೂಢಿಯ ಬಗ್ಗೆ ಅವನಿಗಿದ್ದ ನಂಬಿಕೆ ಆ ಕ್ಷಣ ಹೋಯಿತು.

ಆಗ ಗ್ರೂಪಿಗೆ ಒಂದು ಫೋಟೋ ಬಂತು. ಸುಬ್ಬಣ್ಣನವರ ಮೇಜು, ಮೇಜಿನ ಮೇಲೆ ಫೋನು, ಫೋನಿನ ಪಕ್ಕ ಓಂಕಾರಮೂರ್ತಿ ಕೊಟ್ಟ ಡಬ್ಬ. ಪರದೆಯ ಮೇಲೆ ಮೂವತ್ತೆಂಟು. ಕೆಳಗೆ ಬರೆದಿತ್ತು: ಜಯಣ್ಣ, ನಿಮ್ಮ ಅಳಿಯನ ಗೊಂಬೆ ಮಾತಾಡ್ತಾ ಇದೆ. ನಿಮ್ಮ ತೋಟದ ಮಳೆ ನಮ್ಮನೇಲಿ ಮೂವತ್ತೆಂಟೇ ಕಾಣ್ತಾ ಇದೆಯಲ್ಲ?

ಗ್ರೂಪಿನಲ್ಲಿ ಯಾರೋ ಟೈಪ್ ಮಾಡಲು ಶುರು ಮಾಡಿ ನಿಲ್ಲಿಸಿದರು. ಇನ್ಯಾರೋ ಶುರು ಮಾಡಿ ನಿಲ್ಲಿಸಿದರು. ಜಯದೇವಪ್ಪನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಫೋನನ್ನು ಬಾಯಿಯ ಹತ್ತಿರ ಹಿಡಿದು, ಶಾಂತವಾಗಿ ದನಿ ಸಂದೇಶ ಕಳಿಸಿದರು:

"ಸುಬ್ಬಣ್ಣ, ನಮ್ಮ ಅಳಿಯಂದ್ರು ಬಾಳ ಕಷ್ಟಪಟ್ಟಿದಾರೆ. ಆದ್ರೆ ಮಿಷನ್ನು ಇನ್ನೂ ಸರಿಯಾಗಿಲ್ಲ ಮಾರಾಯ. ಸಿಗ್ನಲ್ ವೀಕು. ಅರ್ಧಕ್ಕರ್ಧ ಮಳೆ ದಾರೀಲೇ ಉಳ್ಕೊಳ್ಳುತ್ತೆ."

"ಮಾವ!" ಎಂದ ಓಂಕಾರಮೂರ್ತಿ. "ಎಪ್ಪತ್ತೊಂದಿದೆ! ಎರಡು ಕಿಲೋಮೀಟರ್ ಹೋಗಿದೆ!"

ಜಯದೇವಪ್ಪನವರು ಫೋನನ್ನೇ ನೋಡುತ್ತಿದ್ದರು. ಕಣಿವೆಯಾಚೆ ಸುಬ್ಬಣ್ಣನವರು ಎರಡು ನಿಮಿಷ ಯೋಚಿಸಿರಬೇಕು. ಇಂಥದೊಂದು ಯಂತ್ರ ಇವತ್ತು ಜಯಣ್ಣನ ಗುಡ್ಡದಲ್ಲಿದೆ, ಗ್ರೂಪಿನವರೆಲ್ಲ ಹಾಕಿಸಿಕೊಂಡರೆ ನಾಳೆ ತಮ್ಮ ಗುಡ್ಡಕ್ಕೂ ಬರುತ್ತದೆ. ಉತ್ತರ ಬಂತು: ಹೌದೌದು ಜಯಣ್ಣ, ನನಗೂ ಹಾಗೇ ಅನ್ನಿಸ್ತು. ಸಿಗ್ನಲ್ ವೀಕು.

ಆಮೇಲೆ ಗ್ರೂಪಿಗೆ ಜೀವ ಬಂತು. ಸಿಗ್ನಲ್ ವೀಕು ಎಂದರು ಒಬ್ಬರು. ಬಾಳ ವೀಕು ಎಂದರು ಇನ್ನೊಬ್ಬರು. ಹುಡುಗ ಬುದ್ಧಿವಂತ, ಇನ್ನೂ ಸ್ವಲ್ಪ ಕಲೀಬೇಕು ಎಂದರು ಯಂತ್ರವನ್ನು ಕಣ್ಣಲ್ಲೂ ನೋಡದ ಮೂರನೆಯವರು. ಯಾವ ವಿಷಯಕ್ಕೂ ಒಮ್ಮತವಾಗದ ಮೂವತ್ತು ಬೆಳೆಗಾರರು ಹತ್ತು ನಿಮಿಷದಲ್ಲಿ ಒಮ್ಮತಕ್ಕೆ ಬಂದರು.

ಓಂಕಾರಮೂರ್ತಿಗೆ ನಿಜವಾಗಿ ಅಳು ಬಂತು. ಕೆಲಸ ಮಾಡದ ಯಂತ್ರವನ್ನು ರಿಪೇರಿ ಮಾಡಬಹುದು. ಕೆಲಸ ಮಾಡುವ ಯಂತ್ರಕ್ಕೆ ಏನು ಮಾಡುವುದೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

"ಒಪ್ಪಂದ ಅಂದ್ರೆ ಒಪ್ಪಂದ," ಎಂದು ಜಯದೇವಪ್ಪನವರು ಗೋಡೆಯ ಮೊಳೆಯಿಂದ ಆಫೀಸು ಕೋಣೆಯ ಬೀಗದ ಕೈ ತೆಗೆದರು. ಕೋಣೆಯಿಂದ ಅಳತೆ ಗ್ಲಾಸು ತಂದು ಅವನ ಕೈಗಿತ್ತರು. "ಓಂಕಾರ, ಹಳೇ ರೈನ್‌ಗೇಜಲ್ಲಿ ಎಷ್ಟಿದೆ ಅಂತ ಸರಿಯಾಗಿ ಅಳ್ಕೊಂಡು ಬಾ."

ಮದುವೆಯಾದ ಐದು ವರ್ಷದಲ್ಲಿ ಮಾವ ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಅವನು ಗುಡ್ಡ ಹತ್ತಿದ. ಹಳೆಯ ಮಾಪಕದ ನೀರನ್ನು ಗ್ಲಾಸಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದ. ಮೂವತ್ತೆಂಟು. ಗೆರೆಗೆ ಸರಿಯಾಗಿ. ಮರದ ತುದಿಯಲ್ಲಿ ತೊಳೆದ ಹರಿವಾಣ ಹೊಳೆಯುತ್ತಿತ್ತು. ತನ್ನ ಬೋರ್ಡಿನ ಬಗ್ಗೆ ಅವನಿಗೆ ಹೆಮ್ಮೆಯಾಯಿತು. ಅದನ್ನು ಹೇಳಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ನೀರನ್ನು ಕಾಫಿ ಗಿಡದ ಬುಡಕ್ಕೆ ಚೆಲ್ಲಿ ಇಳಿದು ಬಂದ.

ಆಫೀಸು ಕೋಣೆಯಲ್ಲಿ ರಿಜಿಸ್ಟರ್ ತೆರೆದಿಟ್ಟಿತ್ತು. "ಎಷ್ಟು?" ಎಂದರು ಜಯದೇವಪ್ಪ.

ಓಂಕಾರಮೂರ್ತಿ ಬಾಗಿಲಲ್ಲಿ ನಿಂತು ಮಾವನ ಮುಖ ನೋಡಿದ. ಬಸವರಾಜಪ್ಪನವರ ದುಂಡಗಿನ ಅಕ್ಷರಗಳನ್ನು ನೋಡಿದ. "ಒಂದಿಂಚು ಐದು," ಎಂದ.

"ನೋಡಿದ್ಯಾ? ಕೈಯಲ್ಲಿ ಅಳ್ದ್ರೆ ಸರಿಯಾಗಿ ಬರುತ್ತೆ. ಬರ್ಕೋ."

ಅವನು ಬೆತ್ತದ ಕುರ್ಚಿಯಲ್ಲಿ ಕೂತು ಬರೆದ. ಜಯದೇವಪ್ಪನವರು ಕಿಟಕಿಯ ಹತ್ತಿರ ಹೋಗಿ ಹೊರಗಿದ್ದ ಮೇಸ್ತ್ರಿಯನ್ನು ಕರೆದು, ದನಿ ತಗ್ಗಿಸಿ ಹೇಳಿದರು: "ನಿಂಗಯ್ಯ, ಮೂವತ್ತೆಂಟು ಎಲ್ಲಿ ಸಾಲುತ್ತೆ? ಮೊಗ್ಗು ಸುಟ್ಟುಹೋಗುತ್ತೆ. ನಾಳೆ ಬೆಳಿಗ್ಗೇನೇ ಸ್ಪ್ರಿಂಕ್ಲರ್ ಹಾಕ್ಸು. ಸುಬ್ಬಣ್ಣನ ಮನೆಗೆ ಕಾಣದ ಬ್ಲಾಕಿಂದ ಶುರು ಮಾಡು."

ಅಷ್ಟರಲ್ಲಿ ಕಣಿವೆಯಾಚೆಯಿಂದ ಗುಡುಗುಡು ಎಂದು ಸ್ಪ್ರಿಂಕ್ಲರಿನ ಡೀಸೆಲ್ ಪಂಪು ಶುರುವಾದ ಸದ್ದು ಬಂತು. ತೊಂಬತ್ತು ಸೆಂಟ್ಸ್ ಮಳೆ ಬಂದ ಸುಬ್ಬಣ್ಣನವರ ತೋಟದಿಂದ.

"ಏನದು ಸದ್ದು?" ಎಂದರು ಜಯದೇವಪ್ಪ, ಹೊಸ ರೈಟರನ್ನು ನೋಡುತ್ತ.

ಓಂಕಾರಮೂರ್ತಿ ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. "ಗುಡುಗು ಇರ್ಬೇಕು," ಎಂದ.

ಕಿಟಕಿಯಾಚೆ ನಿಂಗಯ್ಯ ಆಕಾಶ ನೋಡಿದ. ಬಿಸಿಲು ಬಿದ್ದಿತ್ತು. ಜಯದೇವಪ್ಪನವರು ಬಹಳ ಸಮಾಧಾನದಿಂದ ಕುರ್ಚಿ ಎಳೆದುಕೊಂಡು ಕೂತರು.

"ಇದನ್ನ ಕಲಿಯಕ್ಕೆ ಬಸವರಾಜಪ್ಪಂಗೆ ಆರು ತಿಂಗಳು ಹಿಡೀತು," ಎಂದರು.